ಮಾಂಸ, ಹಾಲು ಬಿಟ್ಟ ಮೇಲೆ ಮುಟ್ಟು ಏರುಪೇರಾಯಿತೇ?

ಈ ಸಲ ಬಂದ ಪತ್ರಗಳಲ್ಲಿ ಸಸ್ಯಾಹಾರ ಮತ್ತು ಮುಟ್ಟಿನ ಬಗ್ಗೆ ಕೇಳಿದವರೇ ಜಾಸ್ತಿ. ಬೇರೆ ಬೇರೆ ತೊಂದರೆ ಹೇಳಿಕೊಂಡ ಐವರ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಸ್ತ್ರೀರೋಗ ತಜ್ಞೆಯಾಗಿ ನನಗೆ ತಿಳಿದದ್ದನ್ನು ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ನನಗೆ 26 ವರ್ಷ. ಊರು ಉಡುಪಿ ಕಡೆ, ಕೆಲಸ ಬೆಂಗಳೂರಿನಲ್ಲಿ. ಆರು ತಿಂಗಳ ಹಿಂದೆ ಪೂರ್ತಿ ವೀಗನ್ ಆದೆ. ಮೀನು, ಮೊಟ್ಟೆ, ಹಾಲು, ಮೊಸರು ಯಾವುದೂ ಇಲ್ಲ. ಬೆಳಗ್ಗೆ ಹಣ್ಣಿನ ಸ್ಮೂದಿ, ಮಧ್ಯಾಹ್ನ ಸಲಾಡ್ ಜೊತೆ ಒಂದು ಚಪಾತಿ, ರಾತ್ರಿ ಸೂಪ್ ಅಥವಾ ಹಣ್ಣು. ವಾರಕ್ಕೆ ಐದು ದಿನ ಜಿಮ್. 7 ಕೆಜಿ ಇಳಿದಿದ್ದೇನೆ. ಮೊದಲು 30 ದಿನಕ್ಕೆ ಸರಿಯಾಗಿ ಆಗುತ್ತಿದ್ದ ಮುಟ್ಟು 45 ದಿನಕ್ಕೆ ಹೋಯಿತು. ಈಗ ಮೂರು ತಿಂಗಳಿಂದ ಆಗೇ ಇಲ್ಲ. 'ದೇಹ ಶುದ್ಧಿಯಾಗಿದೆ, ಹೊರಹಾಕಲು ಕಲ್ಮಶ ಉಳಿದಿಲ್ಲ, ಅದಕ್ಕೇ ನಿಂತಿದೆ' ಎಂದು ಆನ್‌ಲೈನ್ ಗುಂಪಿನಲ್ಲಿ ಒಬ್ಬರು ಹೇಳಿದರು. ನಿಜವೇ? ಮತ್ತೆ ಮೀನು ತಿನ್ನಬೇಕಾ?

ಉತ್ತರ: ನಿಜ ಅಲ್ಲ. ಮುಟ್ಟಿನ ರಕ್ತದಲ್ಲಿ ಹೋಗುವುದು ಕಲ್ಮಶ ಅಲ್ಲ. ಪ್ರತಿ ತಿಂಗಳು ಬೆಳೆದು ನಿಂತ ಗರ್ಭಕೋಶದ ಒಳಪದರ ಕಳಚಿ ಬರುತ್ತದೆ, ಅಷ್ಟೇ. 26ನೇ ವಯಸ್ಸಿನಲ್ಲಿ ಅದು ಮೂರು ತಿಂಗಳು ನಿಂತರೆ ದೇಹ ಏನೋ ತೊಂದರೆಯಲ್ಲಿದೆ ಎಂದೇ ಅರ್ಥ. ಇಂಥ ಮಾತು ಹೇಳುವವರ ಸಲಹೆಯನ್ನು ದಯವಿಟ್ಟು ಇನ್ನು ಕೇಳಬೇಡಿ.

ಮೊದಲ ಕೆಲಸ: ಗರ್ಭ ನಿಂತಿರುವ ಸಾಧ್ಯತೆ ಚೂರು ಇದ್ದರೂ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಆಮೇಲೆ ಈ ವಾರವೇ ಸ್ತ್ರೀರೋಗ ವೈದ್ಯರನ್ನು ನೋಡಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಮತ್ತು ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನುಗಳ ಪರೀಕ್ಷೆ ಬರೆಯುತ್ತಾರೆ. ಬೇರೆ ಕಾರಣ ಇಲ್ಲ ಎಂದು ಖಾತ್ರಿಯಾಗಬೇಕು.

ನೀವು ಬರೆದ ಊಟದ ಪಟ್ಟಿ ನೋಡಿದರೆ ನನಗೆ ಮುಖ್ಯ ಅನುಮಾನ ಬೇರೆ ಕಡೆ ಇದೆ. ನೀವು ಮೀನು ಬಿಟ್ಟಿರಿ, ಸರಿ. ಅದರ ಜೊತೆಗೆ ಊಟವನ್ನೇ ಬಿಟ್ಟಿದ್ದೀರಿ. ಸ್ಮೂದಿ, ಸಲಾಡ್, ಒಂದು ಚಪಾತಿ, ಸೂಪ್ ಎಲ್ಲ ಸೇರಿಸಿದರೂ ಸಾವಿರ ಕ್ಯಾಲರಿ ಆಸುಪಾಸಿಗೆ ನಿಲ್ಲುತ್ತದೆ. ಕುಳಿತು ಕೆಲಸ ಮಾಡುವ ಹೆಂಗಸಿಗೇ ದಿನಕ್ಕೆ 1,660 ಕ್ಯಾಲರಿ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2020ರ ಲೆಕ್ಕ. ನೀವು ಅದರ ಮೇಲೆ ಜಿಮ್‌ಗೂ ಹೋಗುತ್ತೀರಿ. ಮನೆಯಲ್ಲಿ ದುಡ್ಡು ಬಿಗಿಯಾದಾಗ ಮೊದಲು ಹಬ್ಬದ ಖರ್ಚಿಗೆ ಕತ್ತರಿ ಬೀಳುತ್ತದೆ ಅಲ್ವಾ? ದೇಹವೂ ಹಾಗೇ. ಹೃದಯ, ಮೆದುಳು ನಡೆಯಲೇಬೇಕು, ಗರ್ಭ ಧರಿಸುವ ತಯಾರಿ ಆಮೇಲೆ ನೋಡಿಕೊಳ್ಳಬಹುದು. ಹಾಗಾಗಿ ಮೆದುಳಿನ ಹೈಪೊಥಲಾಮಸ್ ಅಂಡಾಶಯಕ್ಕೆ ಕಳಿಸುವ ಸೂಚನೆಯನ್ನೇ ಕಡಿಮೆ ಮಾಡುತ್ತದೆ. ಮೊದಲು ಅಂಡ ಬಿಡುಗಡೆ ತಡವಾಗುತ್ತದೆ, ಆಮೇಲೆ ನಿಲ್ಲುತ್ತದೆ. ನಿಮಗೆ 45 ದಿನಕ್ಕೆ ಮುಟ್ಟಾದದ್ದು ಅದರ ಮೊದಲ ಹೆಜ್ಜೆ ಇರಬೇಕು.

ಇದರ ಬಗ್ಗೆ ಎರಡು ಹಳೆಯ ಅಧ್ಯಯನಗಳನ್ನು ಒಟ್ಟಿಗೆ ಓದಬೇಕು. 1986ರಲ್ಲಿ ಪ್ರಕಟವಾದ ಜರ್ಮನ್ ಅಧ್ಯಯನದಲ್ಲಿ 18 ಆರೋಗ್ಯವಂತ ಯುವತಿಯರಿಗೆ ಆರು ವಾರ ತೂಕ ಇಳಿಸುವ ಡಯಟ್ ಕೊಟ್ಟರು. ಅರ್ಧ ಜನಕ್ಕೆ ಸಸ್ಯಾಹಾರ, ಅರ್ಧ ಜನಕ್ಕೆ ಮಾಂಸಾಹಾರ. ಸಸ್ಯಾಹಾರದ ಒಂಬತ್ತು ಮಂದಿಯಲ್ಲಿ ಏಳು ಜನಕ್ಕೆ ಅಂಡ ಬಿಡುಗಡೆ ನಿಂತಿತು. ಮಾಂಸಾಹಾರದವರಲ್ಲಿ ಹೆಚ್ಚಿನವರಿಗೆ ನಿಲ್ಲಲಿಲ್ಲ. ಇಷ್ಟೇ ಓದಿದವರು 'ನೋಡಿ, ಸಸ್ಯಾಹಾರ ಕೆಟ್ಟದ್ದು' ಎಂದುಬಿಡುತ್ತಾರೆ. ಆದರೆ 1994ರಲ್ಲಿ ಕೆನಡಾದಲ್ಲಿ ತೂಕ ಸ್ಥಿರವಾಗಿದ್ದ, ಹೊಟ್ಟೆ ತುಂಬ ತಿನ್ನುತ್ತಿದ್ದ ಹೆಂಗಸರನ್ನು ಆರು ತಿಂಗಳು ಗಮನಿಸಿದಾಗ ಅಂಡ ಬಿಡುಗಡೆಯ ತೊಂದರೆ ಸಸ್ಯಾಹಾರಿಗಳಲ್ಲೇ ಕಡಿಮೆ ಇತ್ತು! ನನ್ನ ಅಭಿಪ್ರಾಯವೂ ಅದೇ. ಸೊಪ್ಪು, ಕಾಳು ತಿಂದು ಮುಟ್ಟು ನಿಲ್ಲುವುದಿಲ್ಲ. ಅರೆಹೊಟ್ಟೆಯಲ್ಲಿದ್ದರೆ ನಿಲ್ಲುತ್ತದೆ. ತರಕಾರಿ, ಹಣ್ಣಿನಲ್ಲಿ ನಾರು ಜಾಸ್ತಿ, ಕ್ಯಾಲರಿ ಕಡಿಮೆ. ಹೊಟ್ಟೆ ತುಂಬಿದಂತಿರುತ್ತದೆ, ದೇಹಕ್ಕೆ ಸಾಲುವುದಿಲ್ಲ. ಜೊತೆಗೆ ನಾರು ಕರುಳಿನಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಹಿಡಿದು ಹೊರಗೆ ಕಳಿಸುತ್ತದೆ. ಅತಿಯಾದರೆ ಅದೂ ಮುಟ್ಟಿನ ಮೇಲೆ ಪರಿಣಾಮ ಬೀರಬಹುದು.

ಮೀನಿಗೆ ಮರಳಲೇಬೇಕು ಅಂತಿಲ್ಲ. ಊಟಕ್ಕೆ ಮರಳಿ. ನಿಮ್ಮೂರ ಅಡುಗೆಯಲ್ಲೇ ಬೇಕಾದಷ್ಟಿದೆ: ಕುಚ್ಚಲಕ್ಕಿ ಅನ್ನ, ಹೆಸರುಕಾಳಿನ ಗಸಿ, ಕಡಲೆ ಮನೋಳಿ, ಹುರುಳಿ ಸಾರು, ಕಾಯಿ ಹಾಕಿದ ಪಲ್ಯ. ಸಂಜೆ ಒಂದು ಹಿಡಿ ನೆಲಗಡಲೆ. ಜಿಮ್ ಸದ್ಯಕ್ಕೆ ವಾರಕ್ಕೆ ಎರಡು ಮೂರು ದಿನ ಸಾಕು. ತೂಕ ಎರಡು ಮೂರು ಕೆಜಿ ವಾಪಸ್ ಬಂದರೆ ಗಾಬರಿಯಾಗಬೇಡಿ, ಬರಲಿ. ಮುಟ್ಟು ಮತ್ತೆ ಶುರುವಾಗಲು ಕೆಲವು ತಿಂಗಳು ಹಿಡಿಯಬಹುದು. ನಡುವೆ ಸುಮ್ನೆ ಹಾರ್ಮೋನ್ ಮಾತ್ರೆ ನುಂಗಿ ಬ್ಲೀಡಿಂಗ್ ತರಿಸಿಕೊಂಡು ಸರಿಹೋಯಿತು ಅಂದುಕೊಳ್ಳಬೇಡಿ. ಈಸ್ಟ್ರೋಜನ್ ಕಡಿಮೆಯಾದರೆ ಮೂಳೆ ಸವೆಯುತ್ತದೆ. ಮೂಳೆ ಗಟ್ಟಿ ಮಾಡಿಕೊಳ್ಳುವ ವಯಸ್ಸು ನಿಮ್ಮದು. ಇದನ್ನು ಮುಂದಕ್ಕೆ ಹಾಕಬೇಡಿ.

ಪ್ರಶ್ನೆ: ಮಗಳಿಗೆ 17, ಎರಡನೇ ಪಿಯುಸಿ. ನಾವು ದಾವಣಗೆರೆಯವರು. ಪ್ರಾಣಿಗಳ ಮೇಲಿನ ಪ್ರೀತಿಯಿಂದ ಮಾಂಸ, ಮೊಟ್ಟೆ ಬಿಟ್ಟು ಒಂದು ವರ್ಷವಾಯಿತು. ಈಗ ಹಾಲು, ಮೊಸರೂ ಬೇಡ ಅನ್ನುತ್ತಾಳೆ. ಮುಟ್ಟು ಶುರುವಾದಾಗಿನಿಂದಲೂ ಅವಳಿಗೆ ಬ್ಲೀಡಿಂಗ್ ಜಾಸ್ತಿ, ಎಂಟು ದಿನ ಹೋಗುತ್ತದೆ. ಈಚೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ, ಕೂದಲು ಉದುರುತ್ತಿದೆ. ಅಡುಗೆಮನೆಗೆ ಬಂದು ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ದಿನಾ ಬೀಟ್‌ರೂಟ್ ಜ್ಯೂಸ್, ಖರ್ಜೂರ ಕೊಡುತ್ತಿದ್ದೇನೆ. ಸಾಕಾ?

ಉತ್ತರ: ಸಾಲುವುದಿಲ್ಲ. ನೀವು ಹಸಿ ಅಕ್ಕಿಯ ವಿಷಯ ಬರೆದದ್ದು ಬಹಳ ಒಳ್ಳೆಯದಾಯಿತು. ಹಸಿ ಅಕ್ಕಿ, ಬಳಪ, ಮಣ್ಣು, ಐಸ್ ತಿನ್ನುವ ಆಸೆ ಕಬ್ಬಿಣದ ಕೊರತೆಯ ಗುರುತು. ಅವಳನ್ನು ಬೈಯಬೇಡಿ, ಅದು ಕೆಟ್ಟ ಚಟ ಅಲ್ಲ. ಕೊರತೆ ತುಂಬಿದರೆ ಆ ಆಸೆ ಸಾಮಾನ್ಯವಾಗಿ ತಾನಾಗೇ ಹೋಗುತ್ತದೆ.

ಲೆಕ್ಕ ಹೇಳುತ್ತೇನೆ. ಸಾಮಾನ್ಯ ಮುಟ್ಟಿನಲ್ಲಿ ಹೋಗುವ ರಕ್ತ 30–40 ಮಿಲಿ. 80 ಮಿಲಿ ದಾಟಿದರೆ ಜಾಸ್ತಿ ಅನ್ನುತ್ತೇವೆ. ಪ್ರತಿ ಮಿಲಿ ರಕ್ತದ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಮನೆಯಲ್ಲಿ ಯಾರೂ ಮಿಲಿ ಅಳೆಯುವುದಿಲ್ಲ, ಹಾಗಾಗಿ ಬೇರೆ ಗುರುತು ನೋಡಿ: ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಪೂರ್ತಿ ನೆನೆಯುವುದು, ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಗಡ್ಡೆ ಬೀಳುವುದು, ರಾತ್ರಿ ಎದ್ದು ಪ್ಯಾಡ್ ಬದಲಿಸಬೇಕಾಗುವುದು, ಕಾಲೇಜಿಗೆ ಎರಡೆರಡು ಪ್ಯಾಡ್ ಹಾಕಿಕೊಂಡು ಹೋಗುವುದು. ಇವುಗಳಲ್ಲಿ ಒಂದಿದ್ದರೂ ಬ್ಲೀಡಿಂಗ್ ಜಾಸ್ತಿಯೇ.

ಈ ನಷ್ಟವನ್ನು ಸಸ್ಯಗಳಿಂದ ತುಂಬುವುದು ನಿಧಾನದ ಕೆಲಸ. ಮಾಂಸ, ಮೀನಿನಲ್ಲಿರುವ ಕಬ್ಬಿಣದ ಒಂದು ಭಾಗ ದೇಹಕ್ಕೆ ಸಲೀಸಾಗಿ ಸೇರುತ್ತದೆ. ಕಾಳು, ಸೊಪ್ಪಿನದು ಅಷ್ಟು ಸುಲಭವಾಗಿ ಸೇರುವುದಿಲ್ಲ. ನಮ್ಮ ಊಟದ ಕಬ್ಬಿಣದಲ್ಲಿ ನೂರಕ್ಕೆ ಎಂಟು ಪಾಲು ಮಾತ್ರ ಹೆಂಗಸರ ರಕ್ತಕ್ಕೆ ಸೇರುತ್ತದೆ ಎಂದು ಹಿಡಿದೇ ಐಸಿಎಂಆರ್ ವಯಸ್ಕ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಹೇಳಿದೆ. ಬೀಟ್‌ರೂಟ್‌ನ 100 ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಬಣ್ಣ ಕೆಂಪು, ಅಷ್ಟೇ. ಎರಡು ಮೂರು ಖರ್ಜೂರದಿಂದಲೂ ಈ ಲೆಕ್ಕ ತುಂಬುವುದಿಲ್ಲ.

ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಒಂದೇ ಸಾಲದು, ಫೆರಿಟಿನ್ ಕೂಡ ಕೇಳಿ ಬರೆಸಿಕೊಳ್ಳಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಆದರೆ ಅದು ಇಳಿಯುವ ಮೊದಲೇ ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗಿರುತ್ತದೆ. ಆ ದಾಸ್ತಾನನ್ನು ತೋರಿಸುವುದು ಫೆರಿಟಿನ್. 15ಕ್ಕಿಂತ ಕೆಳಗೆ ಬಂದರೆ ದಾಸ್ತಾನು ಖಾಲಿ. ಹಾಗಿದ್ದರೆ ಮಾತ್ರೆ ಬೇಕೇ ಬೇಕು. ಸರಕಾರ ಹುಡುಗಿಯರಿಗೆ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ಕೊರತೆ ಬಾರದಿರಲಿ ಅಂತ ಕೊಡುವುದು. ಬಂದ ಕೊರತೆಗೆ ಅದು ಸಾಲದು. ದಿನಾನಾ, ದಿನ ಬಿಟ್ಟು ದಿನಾನಾ ಎಂಬುದನ್ನು ವೈದ್ಯರು ಹೇಳುತ್ತಾರೆ. ಮಾತ್ರೆಯನ್ನು ನಿಂಬೆರಸದ ನೀರಿನ ಜೊತೆ ಕೊಡಿ. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆ ಅದರ ಹತ್ತಿರಕ್ಕೂ ಬೇಡ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹಿಮೋಗ್ಲೋಬಿನ್ ಸರಿಯಾದ ಕೂಡಲೇ ನಿಲ್ಲಿಸಬೇಡಿ. ದಾಸ್ತಾನು ತುಂಬಲು ಇನ್ನೂ ಎರಡು ಮೂರು ತಿಂಗಳು ಬೇಕು.

ಇನ್ನೊಂದು ಮಾತು. ಮೊದಲ ಮುಟ್ಟಿನಿಂದಲೇ ಬ್ಲೀಡಿಂಗ್ ಜಾಸ್ತಿ ಎಂದಿದ್ದೀರಿ. ಅಂದರೆ ಊಟ ಬದಲಾಗುವ ಮೊದಲೇ ತೊಂದರೆ ಇತ್ತು. ಮೂಗಿನಲ್ಲಿ, ಒಸಡಿನಲ್ಲಿ ಆಗಾಗ ರಕ್ತ ಬರುತ್ತದಾ? ಹಲ್ಲು ಕೀಳಿಸಿದಾಗ ಬೇಗ ನಿಲ್ಲಲಿಲ್ಲವಾ? ಹಾಗಿದ್ದರೆ ವೈದ್ಯರಿಗೆ ಹೇಳಿ. ಕೆಲವು ಹುಡುಗಿಯರಿಗೆ ರಕ್ತ ಹೆಪ್ಪುಗಟ್ಟುವುದರಲ್ಲೇ ಹುಟ್ಟಿನಿಂದ ಕೊರತೆ ಇರುತ್ತದೆ. ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಅಂಥದ್ದು. 'ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ' ಎಂದು ಬಿಟ್ಟ ಮನೆಗಳಲ್ಲೇ ಇದು ಎಷ್ಟೋ ಸಲ ಸಿಗುತ್ತದೆ.

ಊಟಕ್ಕೆ ಬರೋಣ. ಹುರುಳಿಯಲ್ಲಿ 100 ಗ್ರಾಂಗೆ ಎಂಟು ಮಿಲಿಗ್ರಾಂಗಿಂತ ಜಾಸ್ತಿ ಕಬ್ಬಿಣ ಇದೆ. ರಾಗಿಯಲ್ಲಿ ನಾಲ್ಕೂವರೆ ಆಸುಪಾಸು. ಕಾಳನ್ನು ನೆನೆಸಿ ಮೊಳಕೆ ಕಟ್ಟಿ. ದೋಸೆ ಹಿಟ್ಟನ್ನು ಚೆನ್ನಾಗಿ ಹುಳಿ ಬರಿಸಿ. ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಇದರಿಂದ ಕಡಿಮೆಯಾಗುತ್ತದೆ. ಉಸುಳಿಗೆ, ಕೋಸಂಬರಿಗೆ ನಿಂಬೆಹಣ್ಣು ಹಿಂಡಿ. ಪಲ್ಯ, ಹುಳಿಗೆ ಕಬ್ಬಿಣದ ಬಾಣಲೆ ಒಳ್ಳೆಯದು. ಊಟ ಆದ ಕೂಡಲೇ ಟೀ ಕುಡಿಯುವ ಅಭ್ಯಾಸ ಇದ್ದರೆ ಒಂದು ಗಂಟೆ ಮುಂದೆ ಹಾಕಿಸಿ. ಹಾಲು ಬಿಟ್ಟಳೆಂಬ ಚಿಂತೆಗೂ ರಾಗಿಯೇ ಉತ್ತರ. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ 120. ಜೊತೆಗೆ ಎಳ್ಳು, ನುಗ್ಗೆಸೊಪ್ಪು ಇರಲಿ.

ಮಾಂಸ ತಿನ್ನು ಎಂದು ಒತ್ತಾಯ ಮಾಡಬೇಡಿ. ಅವಳ ನಿಲುವು ಗೌರವಿಸಬೇಕಾದದ್ದು. ಹಟ ಬೆಳೆದರೆ ಮಾತ್ರೆಯನ್ನೂ ಬೇಡ ಅಂದಾಳು.

ಪ್ರಶ್ನೆ: 34 ವರ್ಷ, ಹುಬ್ಬಳ್ಳಿ. ಮುಟ್ಟಿನ ಮೊದಲ ಎರಡು ದಿನ ಹೊಟ್ಟೆನೋವು ತಡೆಯಲಾಗುವುದಿಲ್ಲ. ವೀಗನ್ ಆದರೆ ನೋವು ಹೋಗುತ್ತದೆ ಅಂತ ಓದಿದೆ. ಹಾಲು, ಮೊಸರು ಬಿಡಲಾ?

ಉತ್ತರ: ಕಡಿಮೆಯಾಗಬಹುದು, ಪೂರ್ತಿ ಹೋಗುತ್ತದೆ ಅನ್ನಲಾರೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ 33 ಹೆಂಗಸರಿಗೆ ಎರಡು ತಿಂಗಳ ಮುಟ್ಟಿನವರೆಗೆ ಕೊಬ್ಬು ಕಡಿಮೆ ಇರುವ ವೀಗನ್ ಊಟ ಕೊಟ್ಟು ನೋಡಿದರು. ನೋವಿನ ದಿನಗಳು ಸರಾಸರಿ ನಾಲ್ಕರ ಹತ್ತಿರದಿಂದ ಮೂರಕ್ಕಿಂತ ಕೆಳಗೆ ಬಂದವು. ಆದರೆ ಅವರ ತೂಕವೂ ಇಳಿದಿತ್ತು, ಜನರೂ ಕಡಿಮೆ. ಒಂದು ಆಸೆ ಇಟ್ಟುಕೊಳ್ಳಬಹುದಾದ ಫಲಿತಾಂಶ ಎನ್ನುತ್ತೇನೆ, ಅದಕ್ಕಿಂತ ಜಾಸ್ತಿ ಅಲ್ಲ.

ಗರ್ಭಕೋಶ ಹಿಂಡಿ ನೋವು ಬರಿಸುವುದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ನಾವು ತಿನ್ನುವ ಕೊಬ್ಬಿನ ಬಗೆ ಅದರ ಪ್ರಮಾಣದ ಮೇಲೆ ಪರಿಣಾಮ ಬೀರುತ್ತದೆ. ನಿಮ್ಮ ಕಡೆ ಜೋಳದ ರೊಟ್ಟಿ, ಕಾಳು ಪಲ್ಯ, ಅಗಸಿ ಚಟ್ನಿಪುಡಿ ದಿನದ ಊಟವೇ ಅಲ್ವಾ? ಅಗಸಿಯಲ್ಲಿ ಒಮೆಗಾ-3 ಕೊಬ್ಬು ಚೆನ್ನಾಗಿದೆ. ಮೊದಲು ಕರಿದದ್ದು, ಬೇಕರಿ ತಿಂಡಿ ಕಡಿಮೆ ಮಾಡಿ ಮೂರು ಮುಟ್ಟಿನವರೆಗೆ ನೋಡಿ. ಹಾಲು ಬಿಟ್ಟು ನೋಡಬೇಕೆನಿಸಿದರೆ ಬಿಡಿ, ಆದರೆ ಹಾಲು, ಮಾಂಸದಂಥ ಆಹಾರದಲ್ಲಷ್ಟೇ ಸಿಗುವ ವಿಟಮಿನ್ ಬಿ12ರ ಮಾತ್ರೆ ಶುರು ಮಾಡಿ. ನೋವಿನ ಮಾತ್ರೆಯನ್ನು ತಡೆಯಲಾರದಷ್ಟು ಆದ ಮೇಲೆ ನುಂಗುವುದಕ್ಕಿಂತ, ವೈದ್ಯರು ಬರೆದದ್ದನ್ನು ನೋವು ಶುರುವಾಗುವಾಗಲೇ ಏನಾದರೂ ತಿಂದು ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ.

ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಮಲವಿಸರ್ಜನೆ ಮಾಡುವಾಗ ಅಥವಾ ಗಂಡನ ಜೊತೆ ಸೇರುವಾಗ ನೋವಾದರೆ ಊಟದ ಪ್ರಯೋಗದಲ್ಲಿ ಕಾಲ ಕಳೆಯಬೇಡಿ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಹೊರಗೆ ಬೆಳೆಯುವ ಕಾಯಿಲೆ) ಇದೆಯಾ ಎಂದು ತೋರಿಸಿಕೊಳ್ಳಿ.

ಪ್ರಶ್ನೆ: ದುಬೈನಲ್ಲಿದ್ದೇನೆ, ಪಿಸಿಒಡಿ (ಅಂಡಾಶಯದ ಹಾರ್ಮೋನ್ ಏರುಪೇರು) ಇದೆ. ಸೋಯಾ ಹಾಲು, ತೋಫು ತಿಂದರೆ ಹಾರ್ಮೋನ್ ಕೆಡುತ್ತದಾ?

ಉತ್ತರ: ದಿನಕ್ಕೆ ಒಂದು ಲೋಟ ಸೋಯಾ ಹಾಲು, ಒಂದಿಷ್ಟು ತೋಫು ಇದ್ದರೆ ಭಯ ಬೇಡ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸೋಯಾದಿಂದ ಮುಟ್ಟಿನ ಚಕ್ರ ಒಂದು ದಿನದಷ್ಟು ಉದ್ದವಾಗಿದ್ದು ಕಂಡಿದೆ, ಈಸ್ಟ್ರೋಜನ್ ಮಟ್ಟ ಬದಲಾಗಲಿಲ್ಲ. ಪಿಸಿಒಡಿಗೆ ಇದೇ ಊಟ ಶ್ರೇಷ್ಠ ಎಂದು ಯಾವುದನ್ನೂ ಹೇಳುವಂತಿಲ್ಲ. ವೀಗನ್ ಬಿಸ್ಕೆಟ್, ವೀಗನ್ ಐಸ್‌ಕ್ರೀಮ್ ಕೂಡ ಸಕ್ಕರೆ, ಮೈದಾನೇ. ಪಿಸಿಒಡಿ ಇರುವ ಹಲವರಿಗೆ ಇನ್ಸುಲಿನ್ ತೊಂದರೆಯೂ ಇರುತ್ತದೆ, ಅವರಿಗೆ ಅದೇ ಪೆಟ್ಟು.

ಪ್ರಶ್ನೆ: 29 ವರ್ಷ, ಶಿವಮೊಗ್ಗ. ಮೂರು ವರ್ಷದಿಂದ ವೀಗನ್. ಆರಾಮಾಗಿದ್ದೇನೆ, ಮುಟ್ಟೂ ಸರಿ ಇದೆ. ಇಡ್ಲಿಯಲ್ಲಿ, ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಬಿ12 ಸಿಗುತ್ತದೆ ಅಂತ ಮಾತ್ರೆ ತೆಗೆದುಕೊಂಡಿಲ್ಲ. ಅಡುಗೆಗೆ ಪಿಂಕ್ ಸಾಲ್ಟ್. ಮಗು ಬೇಕು ಅಂದುಕೊಂಡಿದ್ದೇವೆ.

ಉತ್ತರ: ಇಡ್ಲಿಯನ್ನು ನಂಬಿ ಕೂರುವಂತಿಲ್ಲ. ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಾಗಿ ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ಬಗೆಯ ಬಿ12. ಯಕೃತ್ತಿನಲ್ಲಿ ಈ ವಿಟಮಿನ್ ಕೆಲವು ವರ್ಷಕ್ಕಾಗುವಷ್ಟು ಉಳಿದಿರುತ್ತದೆ, ಅದಕ್ಕೇ ನೀವು ಇಲ್ಲಿಯವರೆಗೆ ಆರಾಮಾಗಿದ್ದೀರಿ. ಅದು ಮುಗಿಯುವ ಹೊತ್ತಿಗೇ ಬಸಿರಾದರೆ ಮಗುವಿನ ನರ, ಮೆದುಳಿನ ಬೆಳವಣಿಗೆಗೆ ತೊಂದರೆ.

ಉಪ್ಪನ್ನು ಇವತ್ತೇ ಬದಲಿಸಿ. ಹಾಲಿಲ್ಲ, ಮೀನಿಲ್ಲ, ಅಯೋಡಿನ್ ಬೆರೆಸದ ಉಪ್ಪು ಬೇರೆ. ಅಯೋಡಿನ್ ಇಲ್ಲದೆ ಥೈರಾಯ್ಡ್ ಕೆಲಸ ಮಾಡುವುದಿಲ್ಲ. ಥೈರಾಯ್ಡ್ ಕೆಟ್ಟರೆ ಮುಟ್ಟು, ಗರ್ಭ ಎರಡಕ್ಕೂ ಪೆಟ್ಟು. ಅಯೋಡಿನ್ ಇರುವ ಸಾಮಾನ್ಯ ಪುಡಿ ಉಪ್ಪು ಸಾಕು.

ಬಸಿರಾಗುವ ಮೊದಲೇ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಲು ವೈದ್ಯರು ಹೇಳುತ್ತಾರೆ, ಅದು ಬೇಕು. ಆದರೆ ಫೋಲಿಕ್ ಆಸಿಡ್ ಒಂದನ್ನೇ ತೆಗೆದುಕೊಂಡರೆ ಬಿ12 ಕೊರತೆಯ ರಕ್ತಹೀನತೆ ಮರೆಯಾಗಿ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯಬಹುದು. ಆದ್ದರಿಂದ ಬಿ12, ಫೆರಿಟಿನ್, ಥೈರಾಯ್ಡ್ ಸ್ಥಿತಿ ತೋರಿಸುವ ಟಿಎಸ್‌ಎಚ್ ಮೂರನ್ನೂ ಮೊದಲು ಪರೀಕ್ಷೆ ಮಾಡಿಸಿ. ಬಿ12 ಮಾತ್ರೆ ಶುರು ಮಾಡಿದ ಮೇಲೆ ನೋಡಿದರೆ ಕೊರತೆ ಎಷ್ಟಿತ್ತು ಎಂದು ಗೊತ್ತಾಗುವುದಿಲ್ಲ. ರಕ್ತ ಕೊಟ್ಟ ದಿನವೇ ಮಾತ್ರೆ ಶುರು ಮಾಡಬಹುದು. ಕೊರತೆ ಇಲ್ಲದವರಿಗೆ ದಿನಕ್ಕೆ 10 ಮೈಕ್ರೋಗ್ರಾಂ ಅಥವಾ ವಾರಕ್ಕೊಮ್ಮೆ 2,000 ಮೈಕ್ರೋಗ್ರಾಂ ಸಾಕು. ವರದಿಯಲ್ಲಿ ಕಡಿಮೆ ಬಂದರೆ ಇಂಜೆಕ್ಷನ್ ಬೇಕಾಗಬಹುದು, ಅದನ್ನು ನಿಮ್ಮ ವೈದ್ಯರು ತೀರ್ಮಾನಿಸಲಿ.