ಪಕ್ಕದ ಸೈಟಿನಲ್ಲಿ ಗುಂಡಿ, ನಮ್ಮ ಗೋಡೆಗೆ ಶೋರ್

ಪ್ರಶ್ನೆ: ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮದು ಅಜ್ಜನ ಕಾಲದ ಮನೆ. ಮಣ್ಣಿನ ಗಾರೆಯ ಕಲ್ಲಿನ ಗೋಡೆ, ಮೇಲೊಂದು ಅಂತಸ್ತು. ಪಕ್ಕದ ಮನೆ ಕೆಡವಿದ್ದಾರೆ. 20 ಅಡಿ ಅಗಲದ ಆ ಜಾಗದಲ್ಲಿ ಸೆಲ್ಲಾರ್ ತೆಗೆಯಲು ಜೆಸಿಬಿ ಬರುತ್ತಂತೆ. ನಮ್ಮ ಗೋಡೆಯಲ್ಲಿ ಈಗಲೇ ಬಿರುಕು ಕಾಣುತ್ತಿದೆ. ಇಂಜಿನಿಯರ್ ‘ರೇಕಿಂಗ್ ಶೋರ್ ಕೊಡಿಸಿ’ ಅಂದರು. ಮೇಸ್ತ್ರಿ ಸಿಮೆಂಟ್ ತುಂಬಿದರೆ ಸಾಕು ಅಂತಾರೆ. ಡಿಕ್ಷನರಿಯಲ್ಲಿ ಶೋರ್ ಅಂದ್ರೆ ದಡ ಅಂತಿದೆ. ಏನು ಮಾಡಲಿ?

ಉತ್ತರ: ಡಿಕ್ಷನರಿಯಲ್ಲಿ ಇನ್ನೊಂದು ಶೋರ್ ಕೂಡ ಇರುತ್ತದೆ, ಸ್ವಲ್ಪ ಕೆಳಗೆ ನೋಡಿ. ಕಡಲತೀರದ ಶೋರ್ ಬೇರೆ, ಬೀಳುವುದಕ್ಕೆ ಆಸರೆ ಕೊಡುವ ಶೋರ್ ಬೇರೆ. ಆಫ್‌ಶೋರ್ ಎಣ್ಣೆಬಾವಿ ಮೊದಲನೆಯದರಿಂದ ಬಂತು. ರೂಪಾಯಿಯನ್ನು ‘ಶೋರ್ ಅಪ್’ ಮಾಡುತ್ತಾರೆ ಎಂದು ಪೇಪರಿನಲ್ಲಿ ಬರುವುದು ಎರಡನೆಯದು. ನಿಮ್ಮ ಇಂಜಿನಿಯರ್ ಹೇಳಿದ್ದೂ ಅದೇ, ಗೋಡೆ ವಾಲದಂತೆ ಹೊರಗಿನಿಂದ ಕೊಡುವ ತಾತ್ಕಾಲಿಕ ಆಸರೆ.

ಮೇಸ್ತ್ರಿ ಮಾತು ಕೇಳಬೇಡಿ. ಸಿಮೆಂಟ್ ಬಿರುಕನ್ನು ಮುಚ್ಚುತ್ತದೆ, ಗೋಡೆಯನ್ನು ಹಿಡಿಯುವುದಿಲ್ಲ. ಬದಲಿಗೆ ಬಿರುಕಿನ ಮೇಲೆ ಅಡ್ಡಲಾಗಿ ತೆಳ್ಳನೆ ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಪ್ಲಾಸ್ಟರ್ ಹಾಕಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದು ಅರ್ಥ. ಆಗ ಆ ಪಕ್ಕದ ಕೋಣೆಗಳಲ್ಲಿ ಯಾರೂ ಮಲಗಬೇಡಿ.

ರೇಕಿಂಗ್ ಶೋರ್ ಎಂದರೆ ಓರೆಯಾಗಿ ಕೊಡುವ ಆಸರೆ. ಗೋಡೆಗೆ ಒತ್ತಿ ಉದ್ದ ಹಲಗೆ, ಅದಕ್ಕೆ ಆನಿಸಿ ಸುಮಾರು 60ರಿಂದ 75 ಡಿಗ್ರಿಯಲ್ಲಿ ತೊಲೆ, ತೊಲೆಯ ಬುಡಕ್ಕೆ ನೆಲದಲ್ಲಿ ಓರೆಯಾಗಿ ಹೂತ ದಪ್ಪ ಹಲಗೆ. ಪದ್ಧತಿ ಒಳ್ಳೆಯದೇ. ಆದರೆ ನಿಮ್ಮಲ್ಲಿ ಅದರ ಬುಡ ಬರುವುದು ಪಕ್ಕದವರು ಅಗೆಯುವ ಜಾಗದಲ್ಲೇ, ಅಲ್ವಾ? ಗುಂಡಿ ಹತ್ತಿರ ಬಂದ ದಿನ ಆಸರೆಯೂ ಜಾರುತ್ತದೆ. ಎರೆಮಣ್ಣಾಗಿದ್ದರೆ ಇನ್ನೂ ಕಷ್ಟ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ.

ಅದಕ್ಕೇ ನನ್ನ ಸಲಹೆ ಫ್ಲೈಯಿಂಗ್ ಶೋರ್. ನಡುವಿನ ಮನೆ ಹೋದಾಗ ಆಚೀಚೆ ಉಳಿದ ಎರಡು ಗೋಡೆಗಳ ನಡುವೆ, ನೆಲ ಮುಟ್ಟದೆ, ಮಹಡಿಯ ಮಟ್ಟದಲ್ಲಿ ಕೊಡುವ ಅಡ್ಡತೊಲೆ ಇದು. ಮೇಲೆ ಕೆಳಗೆ ಓರೆ ಕೈಗಳಿರುತ್ತವೆ. ಸುಮಾರು 9 ಮೀಟರ್ ಅಂತರದವರೆಗೆ ಒಂದೇ ಸಾಲಿನ ತೊಲೆ ಸಾಕು. ನಿಮ್ಮದು 6 ಮೀಟರ್. ಜೆಸಿಬಿಗೂ ಕೆಳಗೆ ಜಾಗ ಉಳಿಯುತ್ತದೆ. ಉದ್ದಕ್ಕೆ 3ರಿಂದ 4.5 ಮೀಟರಿಗೆ ಒಂದರಂತೆ ಬೇಕು. ಬಿಗಿ ಮಾಡುವಾಗ ಬೆಣೆಯನ್ನು ಮೆಲ್ಲಗೆ ತಟ್ಟಲಿ. ಜೋರಾಗಿ ಬಡಿದರೆ ಮಣ್ಣಿನ ಗಾರೆಯ ಗೋಡೆ ಅದುರುತ್ತದೆ. ಆಚೆಮನೆಯ ಗೋಡೆಗೆ ಒತ್ತಡ ತಡೆಯುವ ಶಕ್ತಿ ಇದೆಯೇ ಎಂದು ಮೊದಲು ಇಂಜಿನಿಯರ್ ನೋಡಲೇಬೇಕು, ಆ ಮನೆಯವರೂ ಒಪ್ಪಬೇಕು.

ಇಷ್ಟಾದರೂ ಪಾಯದ ಕೆಳಗಿನ ಮಣ್ಣು ಉಳಿಯಬೇಕಲ್ಲ! ಗುಂಡಿಯ ಬದಿಗೂ ಪ್ರತ್ಯೇಕ ಆಸರೆ ಬೇಕು. 1.5 ಮೀಟರಿಗಿಂತ ಆಳದ ಅಗೆತದಲ್ಲಿ ಬದಿಯನ್ನು ಇಳಿಜಾರು ಮಾಡಬೇಕು, ಇಲ್ಲವೇ ಹಲಗೆ-ತೊಲೆ ಕೊಟ್ಟು ಹಿಡಿಯಬೇಕು. ಇಳಿಜಾರಿಗೆ ಅಲ್ಲಿ ಜಾಗವಿಲ್ಲ. ತೆಗೆದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕಿಸಬೇಡಿ. ನಿಮ್ಮ ಗೋಡೆ ಪಕ್ಕ ಒಂದೇ ಸಲ ಉದ್ದಕ್ಕೂ ಅಗೆಯದೆ, ಮೀಟರಿಗೊಂದು ತುಂಡಿನಂತೆ ಬಿಟ್ಟು ಬಿಟ್ಟು ಅಗೆದು, ಒಂದು ತುಂಡಿನಲ್ಲಿ ಗೋಡೆ ಕಟ್ಟಿ ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಕೈ ಹಾಕಲಿ. ಈ ಕೆಲಸಕ್ಕೆ ಜೆಸಿಬಿ ಬೇಡ, ಗುದ್ದಲಿಯೇ ಸರಿ.

ಡೆಡ್ ಶೋರ್ ಎಂಬ ಮೂರನೆಯದೂ ಇದೆ, ನೇರ ಕಂಬದ ಆಸರೆ. ಮುಂದೆ ಎಂದಾದರೂ ಮುಂಭಾಗದ ಗೋಡೆ ಒಡೆದು ಅಂಗಡಿಗೆ ಶಟರ್ ಇಡುವಿರಾದರೆ ಅದು ಬೇಕಾಗುತ್ತದೆ.

ಜೆಸಿಬಿ ಬರುವ ಮೊದಲೇ ಪಕ್ಕದವರ ಜೊತೆ ಕೂತು ಮಾತಾಡಿ. ಗೋಡೆಯ ಫೋಟೊ ತೆಗೆದಿಡಿ, ಒಪ್ಪಿದ್ದನ್ನು ಬರೆದು ಇಬ್ಬರೂ ಸಹಿ ಹಾಕಿ. ಸೆಲ್ಲಾರ್ ಗೋಡೆ ಎದ್ದು ಚಪ್ಪಡಿ ಬಿದ್ದು ಗಟ್ಟಿಯಾಗುವ ತನಕ ಆಸರೆ ಅಲ್ಲೇ ಇರಲಿ. ತೆಗೆಯುವಾಗಲೂ ಒಂದೊಂದೇ ತೆಗೆಸಿ, ನಡುವೆ ಒಂದೆರಡು ದಿನ ಗಾಜಿನ ಪಟ್ಟಿ ನೋಡುತ್ತಾ ಇರಿ.