ಹಳೇ ಚರ್ಚ್ ಕೆಡವುವುದೋ, ರಿಪೇರಿಯೋ? ಮೊದಲು ಅಟ್ಟ ಹತ್ತಿ ನೋಡಿ

ನೀವು ಕೇಳಿದ್ದು ಇಷ್ಟು: "ಸಾಗರ ತಾಲ್ಲೂಕಿನ ಕಡೆ ನಮ್ಮದೊಂದು ಹಳೇ ಹಂಚಿನ ಚರ್ಚ್ ಇದೆ. ಮಳೆಗಾಲದಲ್ಲಿ ಸೋರುತ್ತದೆ. ಕೆಲವರು ಕೆಡವಿ ಆರ್‌ಸಿಸಿ ಹಾಕೋಣ ಅನ್ನುತ್ತಾರೆ. ಭಾನುವಾರ ಬಿಟ್ಟರೆ ಬೀಗ ಬಿದ್ದಿರುತ್ತದೆ. ಊರಿನವರಿಗೂ ಉಪಯೋಗ ಆಗುವ ಹಾಗೆ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡುವುದು?"

ನಾನು ಎಂಜಿನಿಯರ್ ಅಲ್ಲ, ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು. ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಕಥೋಲಿಕ ಧರ್ಮಕೇಂದ್ರದಲ್ಲಿ (ಒಂದು ಚರ್ಚ್, ಅದಕ್ಕೆ ಸೇರಿದ ಮನೆಗಳು) ಪಾಲನಾ ಪರಿಷತ್ತಿನ, ಅಂದರೆ ಫಾದರ್‌ಗೆ ಸಲಹೆ ಕೊಡುವ ಸಮಿತಿಯ, ಕಾರ್ಯದರ್ಶಿ ಆಗಿದ್ದಾಗ ಇದೇ ಕೆಲಸ ನನ್ನ ತಲೆಗೆ ಬಂತು. ಎಪ್ಪತ್ತು ಚಿಲ್ಲರೆ ಮನೆಗಳಷ್ಟೇ ನಾವು. ಮುಗಿಯಲು ಮೂರು ಬೇಸಿಗೆ ಹಿಡಿಯಿತು. ಎರಡು ಕಡೆ ಚೆನ್ನಾಗಿಯೇ ಮುಗ್ಗರಿಸಿದೆವು, ಅದನ್ನೂ ಹೇಳುತ್ತೇನೆ.

ನಮ್ಮ ಮೊದಲ ಸಭೆಯಲ್ಲೂ ಕೆಡವುವ ಮಾತೇ. ಮಾಡು (ಛಾವಣಿ) ಪೂರ್ತಿ ಹೋಗಿದೆ, ಮರವೆಲ್ಲ ಲಡ್ಡು, ಇನ್ನೊಂದು ಮಳೆಗಾಲ ತಡೆಯುವುದಿಲ್ಲ ಅಂತ. ಒಬ್ಬರು ಮೊಬೈಲ್‌ನಲ್ಲಿ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್ ಫೋಟೋ ತೋರಿಸಿ, "ಇದರ ಚಿಕ್ಕ ಮಾಡೆಲ್ ಆದರೆ ಸಾಕು" ಅಂದರು. "ಯಾರಾದರೂ ಅಟ್ಟ ಹತ್ತಿ ನೋಡಿದ್ದೀರಾ?" ಅಂತ ಕೇಳಿದೆ. ಯಾರೂ ನೋಡಿರಲಿಲ್ಲ. ಕೇಳಿದ ತಪ್ಪಿಗೆ ಜವಾಬ್ದಾರಿ ನನಗೇ ಬಂತು.

ಮರುವಾರ ಮರಗೆಲಸ ಮಾಡುವ ಊರಿನ ಆಚಾರ್ರನ್ನು ಕರೆಸಿದೆವು. ಎಪ್ಪತ್ತರ ಹತ್ತಿರದ ವಯಸ್ಸು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಏಣಿ ಹತ್ತಿದರು. ಒಂದೊಂದೇ ಪಕಾಸಿಗೆ (ಹಂಚಿನ ಭಾರ ಹೊರುವ ಇಳಿಜಾರು ಮರ) ಉಳಿಯ ಹಿಂಬದಿಯಿಂದ ಬಡಿದು, ಕಿವಿಗೊಟ್ಟು ಕೇಳುತ್ತಾ ಹೋದರು. ಗಟ್ಟಿ ಮರ ಟಣ್ ಅನ್ನುತ್ತದೆ. ಒಳಗೆ ಗೆದ್ದಲು ತಿಂದದ್ದು ಡಬ್ ಅನ್ನುತ್ತದೆ. ಡಬ್ ಅಂದದ್ದಕ್ಕೆಲ್ಲ ಸೀಮೆಸುಣ್ಣದ ಗೀಟು. ನಾನು ಕೆಳಗೆ ನಿಂತು ಲೆಕ್ಕ ಬರೆದುಕೊಂಡೆ. 46 ಪಕಾಸಿಯಲ್ಲಿ ಗೀಟು ಬಿದ್ದದ್ದು 9ಕ್ಕೆ. ಆ ಒಂಬತ್ತೂ ಒಂದೇ ಮೂಲೆಯಲ್ಲಿದ್ದವು. ಫಾದರ್ ಪೂಜೆಯ ಬಟ್ಟೆ ಹಾಕಿಕೊಳ್ಳುವ ಕೋಣೆಯ ಮಾಡು ದೊಡ್ಡ ಮಾಡಿಗೆ ಬಂದು ಸೇರುತ್ತದಲ್ಲ, ಆ ಜಾಗ. ಅಲ್ಲಿ ಮಳೆನೀರು ಹರಿಯುವ ತಗಡಿನ ದೋಣಿ ತುಕ್ಕು ಹಿಡಿದು ತೂತಾಗಿತ್ತು. "ಮೇಷ್ಟ್ರೇ, ಮರ ಕೆಟ್ಟಿದ್ದಲ್ಲ, ತಗಡು ಕೆಟ್ಟಿದ್ದು" ಅಂದರು ಆಚಾರ್ರು ಕೆಳಗಿಳಿದು. ಇಡೀ ಚರ್ಚ್ ಕೆಡವಲು ಹೊರಟಿದ್ದು ಒಂದು ತಗಡಿನ ಸಲುವಾಗಿ!

ಸೋರುವ ಉಳಿದ ಕಡೆಗಳಿಗೆ ಕಾರಣ ಇನ್ನೂ ಸಣ್ಣದು. ನಮ್ಮಪ್ಪನ ಕಾಲದಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಹಂಚು ಕೈಯಾಡಿಸುತ್ತಿದ್ದರು. ಜಾರಿದ್ದನ್ನು ಮೇಲೆ ಸರಿಸುವುದು, ಒಡೆದದ್ದನ್ನು ಬದಲಿಸುವುದು, ಸಂದಿಯಲ್ಲಿ ಸೇರಿದ ಎಲೆ ತೆಗೆಯುವುದು. ಅದು ನಿಂತು ಎಷ್ಟೋ ವರ್ಷ ಆಗಿತ್ತು. ಹಂಚು ಇಳಿಸಿದಾಗ ಕೆಲವುದರ ಹಿಂದೆ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಪ್ರಾಟೆಸ್ಟೆಂಟ್ ಸಂಸ್ಥೆ) ಅಚ್ಚು ಕಂಡಿತು. ಆ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಪ್ರಾಟೆಸ್ಟೆಂಟರ ಹಂಚಿನ ಕೆಳಗೆ ಕಥೋಲಿಕರು ಇಷ್ಟು ಕಾಲ ಒಣಗಿದ ತಲೆಯಲ್ಲಿ ಕೂತಿದ್ದೇವೆ ಅಂತ ಫಾದರ್ ನಕ್ಕರು. ಮುಕ್ಕಾಲು ಪಾಲು ಹಂಚು ತೊಳೆದು ವಾಪಸ್ ಹಾಕಿದೆವು.

ಆರ್‌ಸಿಸಿ ಬಗ್ಗೆ ನನ್ನ ಅಭಿಪ್ರಾಯ ನೇರ. ಆಗುಂಬೆ ಇರುವ ತಾಲ್ಲೂಕು ನಮ್ಮದು. ಅಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ನಮ್ಮ ಕಡೆ ಆರ್‌ಸಿಸಿ ಮನೆ ಕಟ್ಟಿದವರು ಐದಾರು ವರ್ಷಕ್ಕೆ ಅದರ ಮೇಲೆ ಶೀಟ್ ಹೊದಿಸುವುದನ್ನು ನೀವೂ ನೋಡಿದ್ದೀರಿ, ಅಲ್ವಾ? ಚಪ್ಪಟೆ ಮಾಡು ಕಟ್ಟಿ, ಮೇಲೆ ಇಳಿಜಾರು ಮಾಡು ಕಟ್ಟುವುದು. ಇಳಿಜಾರು ಈಗಾಗಲೇ ಇದ್ದರೆ ಯಾಕೆ ಕೆಡವಬೇಕು? ಅಡಿಪಾಯ ಕುಸಿದಿದ್ದರೆ, ಗೋಡೆ ವಾಲಿದ್ದರೆ ಮಾತು ಬೇರೆ. ಅದನ್ನು ಎಂಜಿನಿಯರ್ ನೋಡಿಯೇ ಹೇಳಬೇಕು.

ಗೋಡೆ ಜಂಬಿಟ್ಟಿಗೆ ಕಲ್ಲಿನದಾದರೆ ಒಂದು ಎಚ್ಚರಿಕೆ. ನಮ್ಮದಕ್ಕೆ ಹಿಂದೆ ಯಾವಾಗಲೋ ಸುಣ್ಣದ ಗಾರೆ ಕಿತ್ತು ಸಿಮೆಂಟ್ ಬಳಿದಿದ್ದರು. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ಕುಡಿದ ನೀರು ಸುಣ್ಣದ ಗಾರೆಯಲ್ಲಿ ಆರಿಹೋಗುತ್ತದೆ, ಸಿಮೆಂಟ್ ಬಳಿದರೆ ಒಳಗೇ ಉಳಿದು ಮೇಲಕ್ಕೆ ಏರುತ್ತದೆ. ನಮ್ಮಲ್ಲಿ ಕಿಟಕಿ ಎತ್ತರದವರೆಗೂ ಏರಿತ್ತು. ಎಷ್ಟು ಪೇಂಟ್ ಹೊಡೆದರೂ ಮರುವರ್ಷ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಕೆಳಗಿನ ನಾಲ್ಕು ಅಡಿ ಸಿಮೆಂಟ್ ಕಿತ್ತು, ಒಂದು ಬೇಸಿಗೆ ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆ ಮಾಡಿಸಿದೆವು. ಸೂರಿನ ನೀರು ಗೋಡೆ ಬುಡಕ್ಕೆ ಹಾರದ ಹಾಗೆ ಸುತ್ತ ಚರಂಡಿ ತೆಗೆಸಿದೆವು. ಫಲ ಕೊಟ್ಟದ್ದು ಆ ಚರಂಡಿಯೇ ಜಾಸ್ತಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ, ಊರಿನವರಿಗೆ ಉಪಯೋಗ ಅನ್ನುವುದಕ್ಕೆ. ನಮ್ಮ ಪಟ್ಟಿಯಲ್ಲಿ ಮೊದಲು ಇದ್ದದ್ದು ಹೊಸ ಗಂಟೆಗೋಪುರ, ಗ್ರಾನೈಟ್ ನೆಲ, ಕಮಾನು. ನಾನು ಒಂದು ಕೆಲಸ ಮಾಡಿದೆ. ಜುಲೈನಲ್ಲಿ ಒಂದು ವಾರ ದಿನಾ ಚರ್ಚ್ ಎದುರಿನ ಜಗಲಿಯಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಅಂತ ಬರೆದುಕೊಂಡೆ. ಬೆಳಿಗ್ಗೆ ಎಂಟಕ್ಕೆ ಶಾಲೆ ಮಕ್ಕಳು, ಬಸ್ಸಿಗೆ ಕಾಯಲು. ನಮ್ಮಲ್ಲಿ ಬಸ್ ಸ್ಟಾಪ್ ಇದೆ, ಅದಕ್ಕೆ ಮಾಡು ಇಲ್ಲ. ಜಗಲಿ ಇದ್ದದ್ದು ನಾಲ್ಕಡಿ ಅಗಲ. ಹಿಂದಿನ ಸಾಲಿನ ಮಕ್ಕಳು ಒಣಗಿದ್ದರೆ ಮುಂದಿನವರು ಒದ್ದೆ. ಸಂತೆ ದಿನ ಸೊಪ್ಪು ಮಾರುವ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತರು. ಅವರಲ್ಲೊಬ್ಬರು ಮೆತ್ತಗೆ ಕೇಳಿದರು: "ಮೇಷ್ಟ್ರೇ, ಇಲ್ಲಿ ಹೆಂಗಸರಿಗೆ ಹೋಗಕ್ಕೆ ಏನಾದ್ರೂ ಇದೆಯಾ?" ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು ಬಂದವರು ಸಂಜೆ ತನಕ ಹಾಗೇ ಇರುತ್ತಾರೆ. ವಾರವಿಡೀ ಗೋಪುರ ಬೇಕು ಅಂತ ಮಾತ್ರ ಯಾರೂ ಕೇಳಲಿಲ್ಲ.

ಆ ನೋಟ್‌ಬುಕ್ ಸಭೆಯಲ್ಲಿ ಓದಿದೆ. ಜಗಳ ಆಯಿತು, ಸುಳ್ಳು ಹೇಳುವುದಿಲ್ಲ. "ನಮ್ಮ ದುಡ್ಡಲ್ಲಿ ಬಸ್ ಸ್ಟ್ಯಾಂಡ್ ಕಟ್ಟಬೇಕಾ?" ಅಂತ ಒಬ್ಬರು ಎದ್ದೇ ಹೋದರು. ಕೊನೆಗೆ ಗೋಪುರ ಬಿಟ್ಟು, ಜಗಲಿಯನ್ನು ಮೂರು ಕಡೆಯಿಂದ ಹತ್ತಡಿ ಅಗಲ ಮಾಡಿದೆವು. ಗೋಡೆಯುದ್ದಕ್ಕೂ ಕೂರಲು ಕಟ್ಟೆ, ಅದೇ ಹಂಚು, ಅದೇ ಇಳಿಜಾರು. ಹಿಂದೆ ಹೊರಗಿನಿಂದ ಬಾಗಿಲಿರುವ ಎರಡು ಶೌಚಾಲಯ. ಪಕ್ಕದ ಹಳೇ ಉಗ್ರಾಣದಲ್ಲಿ ಸ್ತ್ರೀ ಸಂಘದವರ ಹೊಲಿಗೆ ಮೆಷಿನ್, ಸಂಜೆ ಅಲ್ಲೇ ಮಕ್ಕಳ ಓದು.

ಚರ್ಚಿನ ಒಳಗನ್ನೇ ಸಭಾಭವನದ ತರ ಬಳಸೋಣ ಅಂತ ನಿಮ್ಮಲ್ಲೂ ಯಾರಾದರೂ ಹೇಳುತ್ತಾರೆ. ಬೇಡ. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, 1983ರ ಕಾನೂನಿನ 1210ನೇ ವಿಧಿ ಪ್ರಕಾರ ಪವಿತ್ರ ಸ್ಥಳ ಇರುವುದು ಆರಾಧನೆಗೆ. ಬೇರೆ ಬಳಕೆಗೆ ಬಿಷಪ್ಪರು ಆಯಾ ಸಂದರ್ಭಕ್ಕೆ ಮಾತ್ರ ಅನುಮತಿ ಕೊಡಬಹುದು. ಕಾನೂನು ಬದಿಗಿಟ್ಟರೂ, ಬೇರೆ ಧರ್ಮದವರು ಒಳಗೆ ಬರಲು ಸಂಕೋಚ ಪಡುತ್ತಾರೆ. ಜಗಲಿಗೆ ಯಾರೂ ಸಂಕೋಚ ಪಡುವುದಿಲ್ಲ. ಮಲೆನಾಡಿನಲ್ಲಿ ಜಗಲಿ ಅಂದರೆ ದಾರಿಹೋಕರಿಗೂ ಪಾಲಿರುವ ಜಾಗ ತಾನೇ.

ಮುಗ್ಗರಿಸಿದ ಕಥೆ ಈಗ. ಒಂದು, ನೆಲ. ಹಳೇ ಕೆಂಪು ಕಾವಿ ನೆಲ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ಕಿತ್ತು ಪಳಪಳ ಹೊಳೆಯುವ ಟೈಲ್ಸ್ ಹಾಕಿಸಿದೆವು. ಕಂಟ್ರಾಕ್ಟರ್ ಹೇಳಿದರು, ನಾವು ತಲೆ ಆಡಿಸಿದೆವು. ಜೂನ್ ಬಂತು. ತಣ್ಣಗಿನ ಟೈಲ್ಸ್, ಒದ್ದೆ ಗಾಳಿ. ನೆಲ ಬೆವರಲು ಶುರುವಾಯಿತು. ಪರಮ ಪ್ರಸಾದಕ್ಕೆ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ) ಸಾಲಿನಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಈಗ ನಡುವಿನ ದಾರಿಗೆ ತೆಂಗಿನ ನಾರಿನ ಚಾಪೆ ಹಾಸಿದ್ದೇವೆ. ಆ ಕಾವಿ ನೆಲ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮೇಲಾಗಿ ಟೈಲ್ಸ್ ಬಂದ ಮೇಲೆ ಒಳಗೆ ದನಿ ಗುಂಯ್ ಅನ್ನುತ್ತದೆ, ಫಾದರ್ ಪ್ರಸಂಗದ (ಪ್ರವಚನದ) ಅರ್ಧ ಮಾತು ಹಿಂದಿನ ಬೆಂಚಿಗೆ ತಿಳಿಯುವುದಿಲ್ಲ. (ಕೆಲವರಿಗೆ ಅದು ಅನುಕೂಲವೇ.)

ಎರಡು, ರ‍್ಯಾಂಪ್. ಗಾಲಿಕುರ್ಚಿ ಹೋಗುವ ಇಳಿಜಾರಿಗೆ ಲೆಕ್ಕ ಇದೆ: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮದು ಐದು ಮೆಟ್ಟಿಲು, ಎರಡೂವರೆ ಅಡಿ ಎತ್ತರ, ಅಂದರೆ 30 ಅಡಿ ರ‍್ಯಾಂಪ್ ಬೇಕು. ಯಾರೂ ನಂಬಲಿಲ್ಲ. ಜಾಗ ಹಾಳು ಅಂತ ಹತ್ತಡಿಯಲ್ಲಿ ಮುಗಿಸಿದರು. ಮೊದಲ ಭಾನುವಾರವೇ ಒಂದು ಗಾಲಿಕುರ್ಚಿ ಹತ್ತಿಸಲು ಇಬ್ಬರು ಬೇಕಾಯಿತು, ಇಳಿಸುವಾಗ ಮೂವರು. ಅದನ್ನು ಒಡೆದು, ಪಕ್ಕದ ಗೋಡೆಗುಂಟ 30 ಅಡಿ ಎಳೆದು, ಮೇಲ್ಮೈ ಒರಟಾಗಿ ಬಿಟ್ಟು ಮತ್ತೆ ಕಟ್ಟಿದೆವು. ಎರಡೆರಡು ಖರ್ಚು.

ಬಲಿಪೀಠದ ಕಡೆ ನಾವು ಜಾಸ್ತಿ ಕೈ ಹಾಕಲಿಲ್ಲ. ಹಳೇ ಮರದ ಪೀಠ ಹಿಂದಿನ ಗೋಡೆಗೆ ಅಂಟಿಕೊಂಡೇ ಇದೆ. ಮೊದಲು ಫಾದರ್ ಆ ಪೀಠದ ಕಡೆ ತಿರುಗಿ ಲ್ಯಾಟಿನ್‌ನಲ್ಲಿ ಪೂಜೆ ಮಾಡುತ್ತಿದ್ದರು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ (ಜಗತ್ತಿನ ಕಥೋಲಿಕ ಬಿಷಪ್ಪರ ಸಭೆ) ಆದ ಮೇಲೆ ಜನರ ಕಡೆ ಮುಖ ಮಾಡಿ, ಜನರ ಭಾಷೆಯಲ್ಲಿ ಪೂಜೆ ಬಂತು. ಆಗ ಅವಸರಕ್ಕೆ ಮುಂದೆ ಒಂದು ಹಲಗೆ ಮೇಜು ಇಟ್ಟಿದ್ದರು. ಅದೇ ಮೇಜು ಅಷ್ಟು ವರ್ಷ ನಡೆಯಿತು! ಈಗ ಅದರ ಜಾಗಕ್ಕೆ ಕಲ್ಲಿನ ಪೀಠ ಬಂದಿದೆ. ಹಳೇ ಪೀಠದಲ್ಲಿ ಪರಮ ಪ್ರಸಾದದ ಪೆಟ್ಟಿಗೆ ಇಟ್ಟಿದ್ದೇವೆ.

ಕಾಗದ ಪತ್ರ, ದುಡ್ಡು, ಬೇಗ ಹೇಳಿಬಿಡುತ್ತೇನೆ. ಕೈ ಹಾಕುವ ಮೊದಲು ಬಿಷಪ್ಪರ ಅನುಮತಿ ಬರಹದಲ್ಲಿ ತೆಗೆದುಕೊಳ್ಳಿ. ಆರ್ಥಿಕ ಸಮಿತಿ ಪ್ರತಿ ಧರ್ಮಕೇಂದ್ರಕ್ಕೂ ಇರಲೇಬೇಕು, ಲೆಕ್ಕ ಅವರೇ ನೋಡಲಿ. ಶಿವಮೊಗ್ಗ ಧರ್ಮಪ್ರಾಂತ (ಒಬ್ಬ ಬಿಷಪ್ಪರ ಕೆಳಗಿನ ಪ್ರದೇಶ) ಆಗಿದ್ದು 1988ರಲ್ಲಿ. ಅದಕ್ಕೆ ಮುಂಚೆ ಈ ಕಡೆ ಚಿಕ್ಕಮಗಳೂರಿನ ಕೆಳಗಿತ್ತು. 1988ಕ್ಕಿಂತ ಹಳೇ ಜಾಗದ ಕಾಗದ ಶಿವಮೊಗ್ಗದಲ್ಲಿ ಸಿಗದಿದ್ದರೆ ಚಿಕ್ಕಮಗಳೂರಿನ ಬಿಷಪ್ಪರ ಕಚೇರಿಯಲ್ಲೂ ವಿಚಾರಿಸಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲಿ ದುಡಿಯುವ ಹುಡುಗರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ವಿದೇಶಿ ಪಾಸ್‌ಪೋರ್ಟ್ ಆಗಿದ್ದವರ ಹಣ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ, ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾನೂನಿನ, ಕೆಳಗೆ ಬರುತ್ತದೆ. ಸುಮ್ನೆ ಖಾತೆಗೆ ಹಾಕಿಸಿಕೊಳ್ಳಬೇಡಿ.

ಮಾಡು ಬಿಚ್ಚುವುದಾದರೆ ಅಡಿಕೆ ಕೊಯ್ಲು ಮುಗಿದ ಮೇಲೆಯೇ. ಅದಕ್ಕೆ ಮುಂಚೆ ಆಳು ಸಿಗುವುದಿಲ್ಲ. ಪವಿತ್ರ ವಾರ ಮಾರ್ಚ್ ಕೊನೆಗೋ ಏಪ್ರಿಲ್‌ಗೋ ಬೀಳುತ್ತದೆ, ಪೂಜೆಗೆ ಬೇರೆ ಜಾಗ ಮೊದಲೇ ನೋಡಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಗುಡುಗು ಮಳೆ ಹೇಳದೆ ಕೇಳದೆ ಬರುತ್ತದೆ, ಟಾರ್ಪಾಲ್ ಕೈಯಳತೆಯಲ್ಲಿ ಇರಲಿ.

ಶೌಚಾಲಯ ತೊಳೆಯುವವರು ಯಾರು ಅಂತ ಕಟ್ಟುವ ಮೊದಲೇ ತೀರ್ಮಾನ ಮಾಡಿ. ನಾವು ಮಾಡಲಿಲ್ಲ. ಆರು ತಿಂಗಳು ಅದಕ್ಕೂ ಬೀಗ ಬಿತ್ತು. ಈಗ ಕೀ ಹೊಲಿಗೆ ಕೋಣೆಯ ಮೊಳೆಗೆ ನೇತಾಡುತ್ತದೆ, ಕೇಳಿದವರಿಗೆ ಕೊಡುತ್ತಾರೆ. ತೊಳೆಯುವವರಿಗೆ ಸಂಬಳ ಭಾನುವಾರದ ಕಾಣಿಕೆಯಿಂದ ಹೋಗುತ್ತದೆ. ಅವತ್ತು ಸಭೆಯಿಂದ ಎದ್ದು ಹೋದವರೇ ಈಗ ಅದರ ಲೆಕ್ಕ ಬರೆಯುತ್ತಾರೆ.

ನಿಮ್ಮಲ್ಲಿ ಈಗ ಮಳೆ ಇರಬೇಕು. ಜೋರಾಗಿ ಹೊಯ್ಯುವ ಹೊತ್ತಿಗೇ ಛತ್ರಿ ಹಿಡಿದು ಕಟ್ಟಡದ ಸುತ್ತ ಒಂದು ಸುತ್ತು ಬನ್ನಿ, ಆಮೇಲೆ ಟಾರ್ಚ್ ಹಿಡಿದು ಅಟ್ಟ ಹತ್ತಿ. ನೀರು ಎಲ್ಲಿ ಇಳಿಯುತ್ತದೋ ಅಲ್ಲೆಲ್ಲ ಫೋಟೋ ತೆಗೆಯಿರಿ. ಬೇಸಿಗೆಯಲ್ಲಿ ಹುಡುಕಿದರೆ ಏನೂ ಕಾಣುವುದಿಲ್ಲ. ಫೋಟೋ ಇಲ್ಲೇ ಹಾಕಿ, ನಮ್ಮ ಆಚಾರ್ರಿಗೆ ತೋರಿಸಿ ಏನು ಅಂತ ಕೇಳಿ ಹೇಳುತ್ತೇನೆ.