ವೆಂಬ್ಲಿ ಯಾರ ಕ್ರೀಡಾಂಗಣ?

ಪ್ರಶ್ನೆ: ಲಂಡನ್ನಿನ ವೆಂಬ್ಲಿಯನ್ನು ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಕ್ರೀಡಾಂಗಣ ಎನ್ನುತ್ತಾರೆ. ಅದು ಸರ್ಕಾರದ್ದೇ? ಅಷ್ಟು ಹೆಸರಾಗಿದ್ದ ಅವಳಿ ಗೋಪುರಗಳನ್ನು ಕೆಡವಿದ್ದೇಕೆ? ಹಳೆಯದರಲ್ಲಿ ಏನಾದರೂ ಉಳಿದಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ವೆಂಬ್ಲಿಯನ್ನು ಕಟ್ಟಿದ್ದು ಮುಖ್ಯವಾಗಿ 1924ರ ಬ್ರಿಟಿಷ್ ಸಾಮ್ರಾಜ್ಯ ಪ್ರದರ್ಶನಕ್ಕಾಗಿ, ಆದರೆ ಅಲ್ಲಿ ಮೊದಲು ನಡೆದದ್ದು ಫುಟ್‌ಬಾಲ್ ಪಂದ್ಯವೇ. 1923ರ ಏಪ್ರಿಲ್ 28ರಂದು ಬೋಲ್ಟನ್ ಮತ್ತು ವೆಸ್ಟ್ ಹ್ಯಾಮ್ ತಂಡಗಳ ನಡುವಿನ ಎಫ್.ಎ. ಕಪ್ (ಇಂಗ್ಲೆಂಡಿನ ಕ್ಲಬ್‌ಗಳ ಫುಟ್‌ಬಾಲ್ ಪಂದ್ಯಾವಳಿ) ಫೈನಲ್‌ಗೆ ಬಂದವರ ಅಧಿಕೃತ ಲೆಕ್ಕ 1,26,047. ಮುಂಗಡ ಟಿಕೆಟ್ ಕಡ್ಡಾಯವಿರಲಿಲ್ಲವಾದ್ದರಿಂದ ಗೋಡೆ ಹತ್ತಿ, ಗೇಟು ತಳ್ಳಿ ಒಳನುಗ್ಗಿದವರನ್ನೂ ಸೇರಿಸಿದರೆ ಎರಡು ಲಕ್ಷ ದಾಟಿತ್ತೆಂಬ ಅಂದಾಜಿದೆ. ಮೈದಾನದ ತುಂಬ ನಿಂತಿದ್ದ ಜನರನ್ನು ಗೆರೆಯಾಚೆ ಸರಿಸಲು ಜಾರ್ಜ್ ಸ್ಕೋರಿ ಎಂಬ ಪೊಲೀಸನು ಬಿಲ್ಲಿ ಎಂಬ ಕುದುರೆಯ ಮೇಲೆ ಅತ್ತಿತ್ತ ಸಾಗಿದ ದೃಶ್ಯ ಸುದ್ದಿಚಿತ್ರಗಳಲ್ಲಿ ಅಮರವಾಯಿತು. ಬೂದು ಬಣ್ಣದ ಆ ಕುದುರೆ ಕಪ್ಪು-ಬಿಳುಪು ಚಿತ್ರದಲ್ಲಿ ಅಚ್ಚ ಬಿಳಿಯಾಗಿ ಕಂಡದ್ದರಿಂದ ಪಂದ್ಯಕ್ಕೂ ‘ಬಿಳಿ ಕುದುರೆ ಫೈನಲ್’ ಎಂಬ ಹೆಸರೇ ನಿಂತಿತು.

ಪ್ರದರ್ಶನ ಮುಗಿದ ಮೇಲೆ ಈ ಬೃಹತ್ ಕಟ್ಟಡ ಯಾರಿಗೂ ಬೇಡವಾಗಿತ್ತು. ಅದೇ ಪ್ರದರ್ಶನದಲ್ಲಿ ತಂಬಾಕಿನ ಅಂಗಡಿ ನಡೆಸಿದ್ದ ಆರ್ಥರ್ ಎಲ್ವಿನ್ 1927ರಲ್ಲಿ ಅದನ್ನು ವಶಕ್ಕೆ ತೆಗೆದುಕೊಂಡು, ಗ್ರೇಹೌಂಡ್ ನಾಯಿಗಳ ಓಟ ಆರಂಭಿಸಿದ. ವರ್ಷಕ್ಕೆ ಬೆರಳೆಣಿಕೆಯ ಫುಟ್‌ಬಾಲ್ ಪಂದ್ಯಗಳಿಗಿಂತ ನಾಯಿ ಓಟದ ಆದಾಯವೇ ಅದನ್ನು ದಶಕಗಟ್ಟಲೆ ಸಾಕಿತೆನ್ನಬೇಕು. 1966ರ ವಿಶ್ವಕಪ್‌ನಲ್ಲೂ ನಿಗದಿಯಾಗಿದ್ದ ನಾಯಿ ಓಟವನ್ನು ರದ್ದುಮಾಡಲು ಮಾಲೀಕರು ಒಪ್ಪದೆ, ಉರುಗ್ವೆ-ಫ್ರಾನ್ಸ್ ಪಂದ್ಯ ವೈಟ್ ಸಿಟಿ ಕ್ರೀಡಾಂಗಣಕ್ಕೆ ಹೋಯಿತು! ಅದೇ ಜುಲೈ 30ರಂದು ಇಂಗ್ಲೆಂಡ್ ಪಶ್ಚಿಮ ಜರ್ಮನಿಯನ್ನು 4-2ರಿಂದ ಸೋಲಿಸಿ ವಿಶ್ವಕಪ್ ಎತ್ತಿದ್ದು ಮಾತ್ರ ಇಲ್ಲಿಯೇ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಕೈಗೆ ಕ್ರೀಡಾಂಗಣ ಬಂದದ್ದು 1999ರಲ್ಲಿ. ಸರ್ಕಾರದ ಸ್ವತ್ತು ಅದು ಇಂದಿಗೂ ಅಲ್ಲ.

ನಮಗೂ ಅದರ ನಂಟುಂಟು. 1948ರ ಆಗಸ್ಟ್ 12ರಂದು ಸ್ವತಂತ್ರ ಭಾರತದ ಹಾಕಿ ತಂಡ ಬ್ರಿಟನ್ನನ್ನು 4-0ರಿಂದ ಮಣಿಸಿ ಒಲಿಂಪಿಕ್ ಚಿನ್ನ ಗೆದ್ದದ್ದು ಈ ಮೈದಾನದಲ್ಲಿಯೇ.

ಗೋಪುರಗಳ ವಿಚಾರ: ಆಟದಂಗಳದ ಸುತ್ತಲಿದ್ದ ಓಟದ ಹಾದಿಯಿಂದಾಗಿ ಪ್ರೇಕ್ಷಕರು ದೂರ ಕೂರಬೇಕಿತ್ತು, ಚಾವಣಿಯ ಕಂಬಗಳು ನೋಟಕ್ಕೆ ಅಡ್ಡಬರುತ್ತಿದ್ದವು, ಸೌಕರ್ಯಗಳೂ ಹಳತಾಗಿದ್ದವು. ಹೆಚ್ಚು ಜಾಗ ಬೇಡುವ ಹೊಸ ನಕ್ಷೆಯಲ್ಲಿ ಗೋಪುರಗಳಿಗೆ ಎಡೆಯಿರಲಿಲ್ಲ. 2000ದ ಅಕ್ಟೋಬರ್ 7ರಂದು ಜರ್ಮನಿಯೆದುರು 0-1ರಿಂದ ಸೋತ ಇಂಗ್ಲೆಂಡಿನ ತರಬೇತುದಾರ ಕೆವಿನ್ ಕೀಗನ್ ಅಲ್ಲಿಯೇ ರಾಜೀನಾಮೆ ಕೊಟ್ಟರು. ಹಳೆಯ ವೆಂಬ್ಲಿಯ ಕಡೆಯ ಪಂದ್ಯ ಅದು. 2007ರಲ್ಲಿ ತೆರೆದ, 90,000 ಆಸನಗಳ ಹೊಸ ಕ್ರೀಡಾಂಗಣದಲ್ಲಿ 133 ಮೀಟರ್ ಎತ್ತರದ ಉಕ್ಕಿನ ಕಮಾನು ಚಾವಣಿಯ ಭಾರ ಹೊರುವುದರಿಂದ, ನೋಟಕ್ಕೆ ಅಡ್ಡವಾಗುವ ಕಂಬಗಳೇ ಇಲ್ಲ.

ಉಳಿದಿರುವುದು ಸ್ವಲ್ಪವೇ. 1966ರ ಫೈನಲ್‌ನಲ್ಲಿ ಜೆಫ್ ಹರ್ಸ್ಟ್ ಹೊಡೆದ ಚೆಂಡು ತಗುಲಿ ಕೆಳಕ್ಕೆ ಪುಟಿದ, ಗೆರೆ ದಾಟಿತೋ ಇಲ್ಲವೋ ಎಂಬ ಜಗಳ ಇನ್ನೂ ತೀರದ, ಆ ಗೋಲಿನ ಅಡ್ಡಪಟ್ಟಿಯನ್ನು ಹೊಸ ಕಟ್ಟಡದೊಳಗೆ ಪ್ರದರ್ಶನಕ್ಕಿಟ್ಟಿದ್ದಾರೆ. ಕೆಡವಿದ ಕಟ್ಟಡದ ಅವಶೇಷಗಳಲ್ಲಿ ಒಂದಷ್ಟು ಪಶ್ಚಿಮ ಲಂಡನ್ನಿನ ನಾರ್ಥಲಾ ಫೀಲ್ಡ್ಸ್ ಉದ್ಯಾನದ ನಾಲ್ಕು ಕೃತಕ ಗುಡ್ಡಗಳೊಳಗೆ ಸೇರಿದೆ.